ಟೊಮೆಟೊ ಮಂಡಿಯ ಸಿಮ್ಯುಲೇಶನ್: ಲೋಡ್ ಲೆಕ್ಕವೋ, ಬಾಕ್ಸ್ ಲೆಕ್ಕವೋ?

ಕೋಲಾರ ಎಪಿಎಂಸಿಯ ಟೊಮೆಟೊ ವಹಿವಾಟನ್ನು ಸಿಮ್ಯುಲೇಟ್ ಮಾಡಬೇಕು, ಅಂದರೆ ಕಂಪ್ಯೂಟರ್‌ನಲ್ಲಿ ಅದರ ನಕಲು ಓಡಿಸಬೇಕು ಅಂದುಕೊಳ್ಳಿ. ಶ್ರೀನಿವಾಸಪುರ ರಸ್ತೆಯಲ್ಲಿ ಬರುತ್ತಿರುವ ಗಾಡಿಗೆ 'ಒಂದು ಲೋಡ್' ಅನ್ನುವ ಲೆಕ್ಕ ಸಾಕು. ಮಂಡಿಯಲ್ಲಿ ಹರಾಜು ಶುರುವಾದರೆ 15 ಕೆಜಿಯ ಒಂದೊಂದು ಬಾಕ್ಸೂ ಬೇಕು. ಎಲ್ಲವನ್ನೂ ಬಾಕ್ಸ್ ಮಟ್ಟದಲ್ಲೇ ಓಡಿಸಿದರೆ ಜಾಸ್ತಿ ಭಾರ: 1,000 ಬಾಕ್ಸ್‌ಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೆ 4,99,500 ಹೋಲಿಕೆ, ಅದೇ ತಲಾ 100 ಬಾಕ್ಸಿನ 10 ಲೋಡ್ ಆದರೆ ಬರೀ 45. ಹಾಗಾಗಿ ಎರಡು ಮಟ್ಟ ಇಡುತ್ತೇವೆ. ಆದರೆ ಅಸಲಿ ಖರ್ಚು ಒಂದು ಮಟ್ಟದಿಂದ ಇನ್ನೊಂದಕ್ಕೆ ಹೋಗಿ ಬರುವುದರಲ್ಲಿದೆ.

ಮೊದಲು, ಏನು ಕಳೆದುಹೋಗಬಾರದು ಅಂತ ಬರೆದಿಟ್ಟುಕೊಳ್ಳಿ. 100 ಬಾಕ್ಸ್‌ನಲ್ಲಿ 60 ಒಳ್ಳೆ ಮಾಲು ತಲಾ 300 ರೂಪಾಯಿಗೆ, 40 ಸಣ್ಣ ಕಾಯಿ 150ಕ್ಕೆ ಹೋಯಿತು ಅನ್ನಿ. ಒಟ್ಟು 24,000. ಇದನ್ನು ಒಂದು ಲೋಡಾಗಿ ಕಟ್ಟಿ ಸರಾಸರಿ ಮಾತ್ರ ಉಳಿಸಿಕೊಂಡು, ಆಮೇಲೆ ಮತ್ತೆ ಬಾಕ್ಸ್‌ಗಳಾಗಿ ಬಿಡಿಸಿದರೆ ಪ್ರತಿ ಬಾಕ್ಸಿಗೂ 240 ಬರುತ್ತದೆ. ಆ ರೇಟಿಗೆ ಒಂದು ಬಾಕ್ಸೂ ಹೋಗಿರಲಿಲ್ಲ, ಅಲ್ವಾ? ಅದಕ್ಕೇ ಒಟ್ಟು ತೂಕ, ಒಟ್ಟು ಹಣದ ಜೊತೆಗೆ ಯಾವ ದರ್ಜೆ ಎಷ್ಟು, ಯಾವ ರೇಟಿಗೆ ಅನ್ನುವುದನ್ನೂ ಲೋಡ್‌ನಲ್ಲೇ ಇಡಿ.

ಎಲ್ಲಾ ಬಾಕ್ಸನ್ನೂ ಮೆಮೊರಿಯಲ್ಲಿ ಹಿಡಿದಿಡಬೇಕಿಲ್ಲ. ಪ್ರತಿ ಲೋಡಿಗೂ ಒಂದು ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಸಂಖ್ಯೆ; ಅದೇ ಸೀಡ್ ಕೊಟ್ಟರೆ ಅದೇ ಸರಣಿ ಬರುತ್ತದೆ) ಕೊಡಿ, ಬೇಕಾದಾಗ ಅದೇ ಬಾಕ್ಸ್‌ಗಳು ಮತ್ತೆ ಹುಟ್ಟುತ್ತವೆ. ಮಾರಾಟವಾಗಿಯೋ ಕೊಳೆತೋ ಬದಲಾದವನ್ನು ಮಾತ್ರ ಬೇರೆಯಾಗಿ ಬರೆದಿಡಿ. ಇದನ್ನು ಮರೆತರೆ ಮಾರಿದ ಬಾಕ್ಸು ಮತ್ತೆ ಹರಾಜಿಗೆ ಬರುತ್ತದೆ, ನನ್ನ ಕೋಡ್‌ನಲ್ಲಿ ಹಾಗೇ ಆಗಿ ಎರಡು ದಿನ ಹುಡುಕಿದ್ದೆ.

ಮಟ್ಟ ಬದಲಾಗುವ ಗಡಿ ಒಂದೇ ಇದ್ದರೆ ಇನ್ನೊಂದು ಕಾಟ. ಗೇಟಿನ ಹತ್ತಿರ ಗಾಡಿ ಹಿಂದೆ ಮುಂದೆ ಆಡಿದಾಗಲೆಲ್ಲ ಲೋಡ್ ಬಿಡಿಸುವುದು, ಕಟ್ಟುವುದು, ಮತ್ತೆ ಬಿಡಿಸುವುದು. ಅದಕ್ಕೇ ಎರಡು ಗಡಿ ಇಡಿ: ಗೇಟಿನಿಂದ 500 ಮೀಟರ್ ಒಳಗೆ ಬಂದರೆ ಬಿಡಿಸಿ, 800 ಮೀಟರ್ ದಾಟಿದ ಮೇಲೇ ಕಟ್ಟಿ.

ಸರಪಳಿ ಇದಕ್ಕಿಂತ ಕೆಟ್ಟದ್ದು. ವ್ಯಾಪಾರಿ ನಾಲ್ಕು ಬಾಕ್ಸ್ ನೋಡಿದ ಅಂತ ಇಡೀ ಲೋಡ್ ಬಿಡಿಸುತ್ತೇವೆ. ಆ ಬಾಕ್ಸ್‌ಗಳನ್ನು ಪಕ್ಕದ ಲೋಡಿನ ಬಾಕ್ಸ್‌ಗಳ ಜೊತೆ ಹೋಲಿಸಬೇಕಾಗಿ ಅದೂ ಬಿಚ್ಚಿಕೊಳ್ಳುತ್ತದೆ, ಕೊನೆಗೆ ಇಡೀ ಮಂಡಿಯೇ ಬಾಕ್ಸ್ ಮಟ್ಟಕ್ಕೆ ಇಳಿಯುತ್ತದೆ. ನೋಡಿದ ನಾಲ್ಕು ಬಾಕ್ಸ್ ಮಾತ್ರ ತೆಗೆಯಿರಿ, ಉಳಿದ 96 ಒಂದೇ ಗುಂಪಾಗಿ ಇರಲಿ.

ಆಮೇಲೆ ಅಳೆಯಿರಿ: ಬರೀ ಲೋಡ್, ಬರೀ ಬಾಕ್ಸ್, ಮಿಶ್ರ, ಮೂರನ್ನೂ ಓಡಿಸಿ. ಬಿಡಿಸುವ, ಕಟ್ಟುವ ಸಮಯವನ್ನು ಬೇರೆಯಾಗಿ ಎಣಿಸಿ. ಮಿಶ್ರವೇ ಬರೀ ಬಾಕ್ಸ್‌ಗಿಂತ ನಿಧಾನವಾದರೆ ಸುಮ್ನೆ ಬಾಕ್ಸ್ ಮಟ್ಟದಲ್ಲೇ ಬಿಡಿ.