ಮೂಳೆ ಮುರಿದಿಲ್ಲ, ಊತವೂ ಇಳಿಯುತ್ತಿಲ್ಲ

ಬೈಕ್ ಜಾರಿ ಸೊಂಟ ಬಡಿದುಕೊಂಡವರು ‘ಮೂಳೆಗೆ ಏನೂ ಆಗಿಲ್ಲ’ ಎಂಬ ಮಾತು ಕೇಳಿದೊಡನೆ ಎಕ್ಸ್‌ರೇಯನ್ನು ಬೀರುವಿಗೆ ಸೇರಿಸುತ್ತಾರೆ. ವಾರ ಕಳೆದರೂ ತೊಡೆಯ ಹೊರಮಗ್ಗುಲಿನಲ್ಲೋ ಬೆನ್ನಿನ ಕೆಳಭಾಗದಲ್ಲೋ ಬಾವು ಉಳಿದರೆ, ಅಪರೂಪದ ‘ಮೊರೆಲ್-ಲವಾಲೆ’ ಗಾಯದ ಅನುಮಾನ ಪಡಬೇಕು. ಇದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯರೊಬ್ಬರ ಹೆಸರು. ಬಿದ್ದ ರಭಸಕ್ಕೆ ಚರ್ಮವೂ ಅದರಡಿಯ ಕೊಬ್ಬೂ ಸ್ನಾಯುವಿನ ಹೊದಿಕೆಯಿಂದ ಕಿತ್ತುಬರುತ್ತವೆ. ಸಣ್ಣ ರಕ್ತನಾಳಗಳೂ ದುಗ್ಧರಸನಾಳಗಳೂ (ಅಂಗಾಂಶಗಳ ನಡುವಿನ ದ್ರವವನ್ನು ಸಾಗಿಸುವ ಸಣ್ಣ ಕೊಳವೆಗಳು) ಹರಿದು ಆ ಸಂದಿನಲ್ಲಿ ದ್ರವ ತುಂಬುತ್ತದೆ. ಮೇಲೆ ತರಚು ಗಾಯವೂ ಕಾಣದಿರಬಹುದು.

ಮೊದಲು ಅಪಾಯವನ್ನು ನೋಡಿ. ಕಾಲೂರಲು ಆಗದಿದ್ದರೆ, ಕಾಲು ಬಲಗುಂದಿದ್ದರೆ, ಮೂತ್ರ ಹಿಡಿತ ತಪ್ಪಿದ್ದರೆ ಅಥವಾ ತೊಡೆಸಂದು ಮರಗಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ ಸೊಂಟದ ಕೀಲಿನ ಸಣ್ಣ ಬಿರುಕು ಮೊದಲ ಎಕ್ಸ್‌ರೇಯಲ್ಲಿ ತಪ್ಪಿಹೋಗುವುದುಂಟು.

ಅಂಥದ್ದೇನೂ ಇಲ್ಲವಾದರೆ ಅಂಗೈಯಿಂದ ಹಗುರವಾಗಿ ಮುಟ್ಟಿ ನೋಡಿ. ನೀರು ತುಂಬಿದ ಚೀಲದಂತೆ ತುಳುಕುತ್ತದೆಯೇ? ಇನ್ನೊಂದು ಮಗ್ಗುಲಿಗಿಂತ ಚರ್ಮ ಸಲೀಸಾಗಿ ಜರುಗುತ್ತದೆಯೇ? ಅಲ್ಲಿ ಸ್ಪರ್ಶ ಮಂಕಾಗಿದೆಯೇ? ಸಾಮಾನ್ಯ ಪೆಟ್ಟಿನ ಊತ ದಿನೇ ದಿನೇ ಇಳಿಯುತ್ತದೆ. ಇದು ಹಾಗೆಯೇ ನಿಲ್ಲುತ್ತದೆ, ಕೆಲವೊಮ್ಮೆ ವಾರಗಳ ಬಳಿಕ ಹೆಚ್ಚುತ್ತದೆ.

ಆರಂಭದ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಡಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ನಮ್ಮಲ್ಲಿ ಬಿದ್ದವರನ್ನು ನೀವದೆ ಬಿಡುವವರೇ ಕಡಿಮೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ: ಈಗಾಗಲೇ ಬಿಟ್ಟುಕೊಂಡ ಪದರಗಳನ್ನು ಉಜ್ಜಿದರೆ ಅವು ಇನ್ನಷ್ಟು ಬೇರ್ಪಡಬಹುದು. ಮನೆಯಲ್ಲಿ ಸೂಜಿ ಚುಚ್ಚುವುದಂತೂ ಸೋಂಕಿಗೆ ಬಾಗಿಲು ತೆರೆದಂತೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಊತವನ್ನು ನೋಡುತ್ತಾ ಕೂರದೆ ವೈದ್ಯರಿಗೆ ತೋರಿಸಲಿ.

ಮೂಳೆವೈದ್ಯರ ಬಳಿ ‘ಎಕ್ಸ್‌ರೇ ಆಗಿದೆ’ ಎಂದು ಸುಮ್ಮನಾಗಬೇಡಿ. ದ್ರವ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ, ಎಂಆರ್‌ಐಯಲ್ಲಿ ಪದರಗಳ ಸ್ಥಿತಿ ಇನ್ನೂ ಸ್ಪಷ್ಟ. ಸಣ್ಣದಾದರೆ ಬಿಗಿಪಟ್ಟಿ ಸಾಕಾಗಬಹುದು. ಎಷ್ಟು ಬಿಗಿಯಬೇಕೆಂಬುದನ್ನು ವೈದ್ಯರೇ ತೋರಿಸಬೇಕು. ದೊಡ್ಡದನ್ನು ಬರೀ ಸೂಜಿಯಿಂದ ಹೀರಿದರೆ ಮತ್ತೆ ತುಂಬುವ ಸಂಭವ ಹೆಚ್ಚು. ತಿಂಗಳುಗಟ್ಟಲೆ ಬಿಟ್ಟರೆ ದ್ರವದ ಸುತ್ತ ಗಟ್ಟಿ ಪೊರೆ ಬೆಳೆಯುತ್ತದೆ, ಆಗ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅಷ್ಟು ತಡವಾಗಿ ಹೋದವರು ಹಿಂದೆ ಬಿದ್ದದ್ದನ್ನು ತಪ್ಪದೆ ಹೇಳಬೇಕು. ಹಳೆಯ ಬಾವನ್ನು ಗೆಡ್ಡೆಯೆಂದು ಭಾವಿಸಿ ತಪಾಸಣೆ ಬೇರೆಯೇ ದಿಕ್ಕು ಹಿಡಿದೀತು.