19 ಸೆಕೆಂಡಿನ ರೀಲ್

ಆ ರೀಲ್ ಈಗ ಇಲ್ಲ. ನಾನೇ ತೆಗೆದಿದ್ದೇನೆ. ಆದರೆ ಅದನ್ನು ಡೌನ್‌ಲೋಡ್ ಮಾಡಿಟ್ಟುಕೊಂಡವರು ಇದ್ದಾರೆ. ಆರು ತಿಂಗಳಿಗೊಮ್ಮೆ ಯಾರೋ ಒಬ್ಬರು, "ಅಣ್ಣಾ, ಇದು ನೀನೇ ಅಲ್ಲಾ?" ಅಂತ ನನಗೇ ಕಳಿಸುತ್ತಾರೆ. ಪ್ರತಿ ಸಲ ಕಿವಿ ಬಿಸಿಯಾಗುತ್ತದೆ.

ನನ್ನ ಗ್ಯಾರೇಜ್ ಇರುವುದು ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಹತ್ತಿರ. ವಾರಪೂರ್ತಿ ಸ್ಪ್ಲೆಂಡರ್, ಬುಲೆಟ್‌ಗಳ ಆಯಿಲ್ ಬದಲಿಸುವುದು, ಚೈನ್ ಬಿಗಿ ಮಾಡುವುದು. ವರ್ಷಕ್ಕೆ ನಾಲ್ಕೈದು ಸಲ ನನ್ನ ಹಳೆಯ ಇಂಪಲ್ಸ್ ಬೈಕನ್ನು ಛೋಟಾ ಹಾಥಿಗೆ ಏರಿಸಿಕೊಂಡು ಮಣ್ಣಿನ ಟ್ರ್ಯಾಕ್‌ನ ಡರ್ಟ್ ರೇಸ್‌ಗೆ ಹೋಗುತ್ತೇನೆ. ಅಭ್ಯಾಸ ಮಾಡುವುದು ಚಿಕ್ಕಪ್ಪನ ತೊಗರಿ ಹೊಲದಲ್ಲಿ, ಅದೂ ರಾಶಿ ಮುಗಿದ ಮೇಲೆ. ಮಳೆಗಾಲದಲ್ಲಿ ಅದೂ ಇಲ್ಲ. ನಮ್ಮ ಎರೆ ಮಣ್ಣು ಒದ್ದೆಯಾದರೆ ಬೈಕ್ ಬಿಡಿ, ಕಾಲಿಂದ ಚಪ್ಪಲಿ ಕೂಡ ಮೇಲೇಳುವುದಿಲ್ಲ.

ಆ ಸಲ ರೇಸ್ ಇದ್ದದ್ದು ಮೈಸೂರು ಕಡೆ, ಹೊಸಬರ ವಿಭಾಗದಲ್ಲಿ. ಮೂರನೆಯವನಾಗಿ ಮುಗಿಸಿದೆ. ಬೈಕ್ ನಿಲ್ಲಿಸಿ ನೀರು ಕುಡಿಯುವಷ್ಟರಲ್ಲಿ ಪೆನಾಲ್ಟಿ ಬಂತು. ಹಳದಿ ಬಾವುಟ ಇದ್ದ ಕಡೆ ಒಬ್ಬನನ್ನು ಹಿಂದೆ ಹಾಕಿದ್ದೀರಿ ಅಂದರು. ಏಳನೆಯವನಾದೆ. ಬಾವುಟ ನನಗೆ ಕಂಡೇ ಇರಲಿಲ್ಲ. ಜೊತೆಗೆ ಬಂದಿದ್ದ ಹುಡುಗರು ಸುತ್ತ ನಿಂತು, "ನಿನಗ ಮೋಸ ಆಗ್ಯಾದ ಅಣ್ಣಾ, ಬಿಡಬ್ಯಾಡ" ಅಂದರು. ಅಧಿಕಾರಿಯೊಬ್ಬರು ಬಂದು, "ಪ್ರೊಟೆಸ್ಟ್ ಹಾಕ್ತೀರಾ? ಅರ್ಧ ಗಂಟೆ ಟೈಮ್ ಇದೆ, ಬರೆದು ಕೊಡಿ, ಫೀಸ್ ಕಟ್ಟಿ" ಅಂತ ಕೇಳಿದರು. ನಾನು ಬೇಡ ಅಂದೆ. ಆಗ ನಾನು ರೀಲ್‌ಗೆ ಹಾಡು ಹುಡುಕುತ್ತಿದ್ದೆ.

ಎದೆಗೆ ಕಟ್ಟಿದ್ದ ಕ್ಯಾಮೆರಾದಿಂದ ಹಿಂದೆ ಹಾಕಿದ ಆ 19 ಸೆಕೆಂಡ್ ಮಾತ್ರ ಕತ್ತರಿಸಿದೆ. ಕೊನೆಗೆ ಟ್ರ್ಯಾಕ್ ಪಕ್ಕ ನಿಂತು ಬಾವುಟ ತೋರಿಸುವ ಮಾರ್ಷಲ್ ಹುಡುಗನ ಫೋಟೊ, ಕಿತ್ತಳೆ ಜಾಕೆಟ್, ಮುಖ ಸ್ಪಷ್ಟ. ಮೇಲೆ ಬರೆದದ್ದು: "ನಮ್ಮ ಕಡೆಯವರು ಗೆದ್ದರೆ ಇವರಿಗೆ ತಡೆಯಲಾಗಲ್ಲ." ಬರೀ ಪೆನಾಲ್ಟಿ ಅಂತ ಬರೆದಿದ್ದರೆ ಇನ್ನೂರು ಜನ ನೋಡುತ್ತಿದ್ದರೇನೋ. ನಾನು ಉತ್ತರ ಕರ್ನಾಟಕ, ದಕ್ಷಿಣ ಕರ್ನಾಟಕ ಅನ್ನುವ ಭೇದ ಎಳೆದು ತಂದೆ. ಅದು ಓಡುತ್ತದೆ ಅಂತ ಗೊತ್ತಿದ್ದೇ ತಂದೆ.

ಓಡಿತು. ಗಾಡಿ ಸಿಂಧನೂರು ದಾಟುವಾಗ 40 ಸಾವಿರ ವ್ಯೂಸ್ ಆಗಿದ್ದವು. ಜೇವರ್ಗಿ ಹತ್ತಿರ ಬರುವಷ್ಟರಲ್ಲಿ ಯಾರೋ ಆ ಹುಡುಗನ ಅಕೌಂಟ್ ಹುಡುಕಿ ಟ್ಯಾಗ್ ಮಾಡಿದ್ದರು. "ಅಡ್ರೆಸ್ ಹಾಕ್ರೋ" ಅಂತ ಒಬ್ಬ. ಅವನ ಅಕ್ಕನ ಮದುವೆ ಫೋಟೊ ಎತ್ತಿ ಹಾಕಿ ಹೊಲಸು ಮಾತು ಬರೆದವನು ಇನ್ನೊಬ್ಬ. ನಾನು ಗಾಡಿಯಲ್ಲಿ ಕೂತು ಒಂದೊಂದೇ ಕಾಮೆಂಟಿಗೆ ಹಾರ್ಟ್ ಒತ್ತುತ್ತಾ ಬಂದೆ. ಎಲ್ಲದಕ್ಕೂ ಒತ್ತಿಲ್ಲ, ಆದರೆ ಒತ್ತಿದ್ದೇನೆ.

ಸೋಮವಾರ ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದೆ, ಎರಡನೇ ಭಾಗ ಮಾಡೋಣ ಅಂತ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪೂರ್ತಿ ವಿಡಿಯೊ ಹಾಕಿದೆ. ನನ್ನ ರೀಲ್ ಶುರುವಾಗುವ ಜಾಗಕ್ಕಿಂತ ನಾಲ್ಕು ಸೆಕೆಂಡ್ ಹಿಂದೆ, ಪರದೆಯ ಎಡ ಮೂಲೆಯಲ್ಲಿ ಏನೋ ಹಳದಿ ಅಲ್ಲಾಡಿತು. ನಿಲ್ಲಿಸಿದೆ. ಹಿಂದೆ ತಳ್ಳಿದೆ. ಮತ್ತೆ ಬಿಟ್ಟೆ. ಮಾರ್ಷಲ್ ಎರಡೂ ಕೈಯಲ್ಲಿ ಬಾವುಟ ಹಿಡಿದು ಬೀಸುತ್ತಿದ್ದಾನೆ. ಅವನ ಹಿಂದೆ ಒಬ್ಬ ಸವಾರ ನೆಲದ ಮೇಲೆ ಕೂತಿದ್ದಾನೆ, ಹೆಲ್ಮೆಟ್ ತೆಗೆಯಲು ಒದ್ದಾಡುತ್ತಿದ್ದಾನೆ. ಮಾರ್ಷಲ್ ನಿಂತಿದ್ದದ್ದು ಬಿದ್ದವನಿಗೂ ನಮಗೂ ನಡುವೆ. ನಾನು ಅವನ ಪಕ್ಕದಲ್ಲೇ, ಮಣ್ಣು ಎರಚುತ್ತಾ ಹೋಗಿದ್ದೇನೆ.

"ಏನ್ ನೋಡ್ಲಕತ್ತಿ ಅಷ್ಟೊತ್ತಿನಿಂದ?" ಅಂದಳು ಅವ್ವ.

"ಏನಿಲ್ಲವ್ವಾ. ಒಂದು ಹಳದಿ ಬಟ್ಟೆ."

ಡರ್ಟ್ ರೇಸ್‌ನಲ್ಲಿ ಹಳದಿ ಬಾವುಟ ಬೀಸಿದರೆ ಹಿಂದೆ ಹಾಕುವಂತಿಲ್ಲ, ಜಂಪ್ ಹೊಡೆಯುವಂತಿಲ್ಲ. ಮುಂದೆ ಯಾರೋ ಬಿದ್ದಿದ್ದಾರೆ, ಎತ್ತಲು ಹೋದವರೂ ಅಲ್ಲೇ ಇದ್ದಾರೆ ಅಂತ ಅರ್ಥ. ಮೊದಲ ದಿನವೇ ಕಲಿಸುವ ಪಾಠ ಇದು. ಇನ್ನೊಂದು ವಿಷಯ ನನಗೆ ಗೊತ್ತಿದ್ದೂ ಮರೆತಿದ್ದೆ. ಈ ಮಾರ್ಷಲ್‌ಗಳಲ್ಲಿ ಹೆಚ್ಚಿನವರು ಸ್ವಯಂಸೇವಕರು. ಫಾರ್ಮುಲಾ 1 ಕಾರ್ ರೇಸ್‌ನಲ್ಲೂ ಹಾಗೇ. ಬಿಸಿಲಲ್ಲಿ ನಿಲ್ಲುವುದು ರೇಸಿನ ಪ್ರೀತಿಗೆ.

ರೀಲ್ ತೆಗೆದು ಸುಮ್ನೆ ಇರಬಹುದಿತ್ತು. ಬಹಳ ಜನ ಹಾಗೇ ಮಾಡುತ್ತಾರೆ. ನಾನೂ ಮೊದಲು ತೆಗೆದೆ, ಆಮೇಲೆ ಎರಡು ಸಾಲು ಬರೆದೆ: "ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ." ಹಾಕುವ ಮುಂಚೆ ತಂಗಿಗೆ ತೋರಿಸಿದೆ. ಅವಳು ಶಹಾಬಾದ್‌ನಲ್ಲಿ ಟೀಚರ್, ಕೆಂಪು ಪೆನ್ನಿನ ಕೈ. "ಆಗಿದ್ರ ಅಂದ್ರೇನೋ ಅಣ್ಣಾ? ಆಗ್ಯಾದ. ಯಾರಿಗಾದ್ರೂ ಅಂದ್ರೇನು? ಆ ಹುಡುಗಗ ಆಗ್ಯಾದ. ಅದನ್ನ ಬರಿ" ಅಂದಳು.

ಮೊದಲು ಆ ಹುಡುಗನಿಗೆ ಫೋನ್ ಮಾಡಬೇಕು ಅನಿಸಿತು. ಸಂಘಟಕರಿಗೆ ಹೇಳಿದೆ, ಅವರು ಅವನನ್ನು ಕೇಳಿ ನಂಬರ್ ಕೊಟ್ಟರು. ಇಂಜಿನಿಯರಿಂಗ್ ಓದುತ್ತಿದ್ದ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ: "ಅಕ್ಕನ ಫೋಟೊ ತೆಗೆಸ್ತೀರಾ ಸರ್?"

ಎರಡು ರಾತ್ರಿ ಅದೇ ಕೆಲಸ ಆಯಿತು. ರೀಲ್ ಎತ್ತಿ ಹಾಕಿದ್ದ 17 ಪೇಜ್‌ಗಳಿಗೆ ಒಂದೊಂದಾಗಿ ಮೆಸೇಜ್ ಮಾಡಿದೆ. 11 ತೆಗೆದರು. ಮೂವರು ಉತ್ತರ ಕೊಡಲಿಲ್ಲ. ಉಳಿದವರು ನನಗೇ ಬೈದರು, "ಹೆದರಿದೆಯಾ?" ಅಂತ. ಫೋಟೊ ಹಾಕಿದವನನ್ನು ರಿಪೋರ್ಟ್ ಮಾಡಿ ತೆಗೆಸಿದೆವು. ಆಮೇಲೆ ನನ್ನ ಪೇಜ್‌ನಲ್ಲಿ 41 ಸೆಕೆಂಡಿನ ಪೂರ್ತಿ ವಿಡಿಯೊ ಹಾಕಿದೆ. ಬಾವುಟದ ಜಾಗದಲ್ಲಿ ನಿಲ್ಲಿಸಿ, ಕೆಂಪು ಸುತ್ತು ಹಾಕಿ, "ಪೆನಾಲ್ಟಿ ಸರಿ. ತಪ್ಪು ನನ್ನದು. ಪ್ರಾಂತ್ಯದ ಮಾತು ಸುಳ್ಳು, ವ್ಯೂಸ್‌ಗಾಗಿ ಬರೆದೆ" ಅಂತ ಹಾಕಿದೆ. ಹುಡುಗನ ಮುಖ ಮುಚ್ಚಿದೆ. ಕಾಮೆಂಟ್ ಬಂದ್ ಮಾಡಿದೆ. ಅದನ್ನು ನೋಡಿದವರು ಬರೀ 3 ಸಾವಿರ. ಸುಳ್ಳು ನೋಡಿದವರಲ್ಲಿ ಹತ್ತರಲ್ಲಿ ಒಬ್ಬರಿಗೂ ತಿದ್ದುಪಡಿ ಮುಟ್ಟಲಿಲ್ಲ. ಈ ಲೆಕ್ಕ ಇವತ್ತಿಗೂ ಸರಿಹೋಗಿಲ್ಲ.

ಇದಾದ ಮೇಲೆ ದೊಡ್ಡ ರೇಸ್‌ಗಳ ಸುದ್ದಿ ಓದುವ ಕಣ್ಣು ಬದಲಾಯಿತು. 2021ರ ಡಿಸೆಂಬರ್‌ನಲ್ಲಿ ಅಬುಧಾಬಿ ಫಾರ್ಮುಲಾ 1 ರೇಸಿನ ಕೊನೆಯಲ್ಲಿ ನಿಕೋಲಸ್ ಲಟೀಫಿ ಅನ್ನುವ ಚಾಲಕ ಗೋಡೆಗೆ ಗುದ್ದಿದ, ಎಲ್ಲರ ವೇಗ ಇಳಿಸುವ ಸೇಫ್ಟಿ ಕಾರ್ ಬಂತು, ಹ್ಯಾಮಿಲ್ಟನ್ ಕೈಯಿಂದ ಚಾಂಪಿಯನ್‌ಶಿಪ್ ವೆರ್ಸ್ಟಾಪನ್‌ಗೆ ಹೋಯಿತು. ಆಗ ಲಟೀಫಿಯ ಮೀಮ್‌ಗಳನ್ನು ನಾನೂ ಹಂಚಿದ್ದೆ. ಅವನಿಗೆ ಕೊಲೆ ಬೆದರಿಕೆ ಬಂದು, ಲಂಡನ್‌ನಲ್ಲಿ ಓಡಾಡಲು ಅಂಗರಕ್ಷಕರನ್ನು ಇಟ್ಟುಕೊಂಡ ಅಂತ ಆಮೇಲೆ ಓದಿದೆ. 2022ರಲ್ಲಿ ಅಮೆರಿಕದ ರೇಸ್‌ನಲ್ಲಿ ಸ್ಟೀವರ್ಡ್, ಅಂದರೆ ಪೆನಾಲ್ಟಿ ತೀರ್ಮಾನಿಸುವ ಅಧಿಕಾರಿ, ಆಗಿದ್ದ ಸಿಲ್ವಿಯಾ ಬೆಲ್ಲೋಟ್ ಅವರಿಗೂ ಪೆನಾಲ್ಟಿ ವಿಷಯಕ್ಕೆ ಕೊಲೆ ಬೆದರಿಕೆ ಬಂತು. ಫಾರ್ಮುಲಾ 1ರ ನಿಯಮ ನೋಡಿಕೊಳ್ಳುವ ಸಂಸ್ಥೆ ಎಫ್‌ಐಎ ಆನ್‌ಲೈನ್ ಬೈಗುಳದ ವಿರುದ್ಧ ಅಭಿಯಾನ ಶುರುಮಾಡಿದ್ದು ಇಂಥವೆಲ್ಲ ಆದ ಮೇಲೆ. ನಾನು ಮಾಡಿದ್ದು ಅದೇ ಕೆಲಸ, ಅಳತೆ ಸಣ್ಣದು ಅಷ್ಟೇ.

ಗ್ಯಾರೇಜ್‌ನಲ್ಲಿ ಒಂದು ಟಿವಿ ಇದೆ. ಫಾರ್ಮುಲಾ 1 ರೇಸ್ ಇರುವ ಭಾನುವಾರ ಶೆಟರ್ ಅರ್ಧ ಇಳಿಸಿ, ಮಿರ್ಚಿ ಭಜಿ ತರಿಸಿ, ಇಪ್ಪತ್ತು ಜನ ಕೂರುತ್ತೇವೆ. ವಾಟ್ಸಾಪ್ ಗುಂಪಿನಲ್ಲಿ 140 ಜನ. 2025ರ ನವೆಂಬರ್ 30, ಕತಾರ್ ರೇಸ್. ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ಶುರು. ಚಾಂಪಿಯನ್‌ಶಿಪ್‌ಗೆ ಮೆಕ್‌ಲಾರೆನ್‌ನ ನಾರಿಸ್‌ಗೂ ರೆಡ್ ಬುಲ್‌ನ ವೆರ್ಸ್ಟಾಪನ್‌ಗೂ ಪೈಪೋಟಿ. ಕೊನೆಗೆ ಮರ್ಸಿಡಿಸ್‌ನ ಕಿಮಿ ಆಂಟೊನೆಲ್ಲಿ ಜಾರಿದ, ನಾರಿಸ್ ಮುಂದೆ ಹೋಗಿ ನಾಲ್ಕನೆಯವನಾದ. ಎರಡು ಅಂಕ ಜಾಸ್ತಿ. ಬೇಕಂತಲೇ ಬಿಟ್ಟುಕೊಟ್ಟ ಅನ್ನುವ ಅರ್ಥ ಬರುವ ಹಾಗೆ ರೆಡ್ ಬುಲ್ ಕಡೆಯವರೇ ಮಾತಾಡಿದರು. ಅಷ್ಟು ಸಾಕಾಯಿತು. ಆ 19 ವರ್ಷದ ಹುಡುಗನ ಪೇಜ್‌ಗಳಿಗೆ 1,100ಕ್ಕೂ ಹೆಚ್ಚು ತೀವ್ರ ಬೈಗುಳ, ಬೆದರಿಕೆ ಬಂದವು. ಅವನು ಪ್ರೊಫೈಲ್ ಫೋಟೊ ಕಪ್ಪು ಮಾಡಿದ. ಮರುದಿನ ವಿಡಿಯೊ ನೋಡಿ ರೆಡ್ ಬುಲ್ ತಂಡವೇ, ನಾವು ಹೇಳಿದ್ದು ತಪ್ಪು ಅಂತ ವಿಷಾದ ಹೇಳಿತು. ಕೊನೆಗೆ ನಾರಿಸ್ ವೆರ್ಸ್ಟಾಪನ್‌ನನ್ನು ಹಿಂದೆ ಹಾಕಿ ಚಾಂಪಿಯನ್ ಆದದ್ದು ಎರಡೇ ಅಂಕದಿಂದ, 423ಕ್ಕೆ 421. ಹಾಗಾಗಿ ಆ ಜಗಳ ಇನ್ನೂ ಆರಿಲ್ಲ.

ಆ ಬೈಗುಳಗಳಲ್ಲಿ ಒಂದು ನಮ್ಮ ಗುಂಪಿನ ಹುಡುಗನದು. ಹೆಮ್ಮೆಯಿಂದ ಸ್ಕ್ರೀನ್‌ಶಾಟ್ ಹಾಕಿದ್ದ, ಕೆಳಗೆ ನಗುವ ಮುಖಗಳು. ಗುಂಪಿನಲ್ಲಿ ಬೈದರೆ ಅವನೂ ಏರುತ್ತಾನೆ, ನೋಡುವವರಿಗೆ ಮಜಾ ಆಗುತ್ತದೆ. ಮರುದಿನ ಗ್ಯಾರೇಜ್‌ಗೆ ಕರೆದು ಚಹಾ ಕೊಟ್ಟೆ. "ಅಂವ ಇಟಲಿಯವ ಅಣ್ಣಾ, ಕನ್ನಡದಾಗ ಬೈದ್ರ ಅವಗೇನ್ ತಿಳೀತದ?" ಅಂದ. ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನನ್ನ ಆ 19 ಸೆಕೆಂಡನ್ನೂ ಪೂರ್ತಿ ವಿಡಿಯೊವನ್ನೂ ಒಂದರ ಹಿಂದೆ ಒಂದು ತೋರಿಸಿದೆ. ಅವನು ಕಾಮೆಂಟ್ ತೆಗೆದ. ಇಬ್ಬರು ಗುಂಪು ಬಿಟ್ಟುಹೋದರು, ಇಲ್ಲಿ ಮಜಾ ಇಲ್ಲ ಅಂತ. ಹೋಗಲಿ. ಟೀಕೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಫೆರಾರಿ ತಂಡದವರು ಟೈರ್ ಬದಲಿಸಲು ಕಾರು ನಿಲ್ಲಿಸುವ ಪಿಟ್ ಲೆಕ್ಕಾಚಾರ ನೋಡಿ ಎಲ್ಲರಿಗಿಂತ ಜೋರಾಗಿ ಬೈಯುವವನು ನಾನೇ. ಆದರೆ ಟಿವಿಗೆ ಬೈಯುತ್ತೇನೆ, ಶೆಟರ್ ಒಳಗೆ.

ಇನ್ನೊಂದು ಕಥೆ ಇದೆ, ಬರೆಯಲು ಸ್ವಲ್ಪ ಕಷ್ಟ. ಆಳಂದ ಕಡೆಯ ಗೆಳೆಯನೊಬ್ಬ ನನ್ನ ಜೊತೆ ರೇಸ್‌ಗೆ ಬಂದಿದ್ದ. ಜಂಪ್ ತಪ್ಪಿ ಬಿದ್ದ. ಆಂಬುಲೆನ್ಸ್‌ನಲ್ಲಿ ನಾನೂ ಕೂತೆ. ಅವನ ಫೋನ್ ನನ್ನ ಬ್ಯಾಗ್‌ನಲ್ಲಿ ಸೈಲೆಂಟ್ ಆಗಿತ್ತು. ಆಸ್ಪತ್ರೆಯಲ್ಲಿ ಕಾಲರ್ ಬೋನ್ ಮುರಿದಿದೆ, ಬೇರೇನಿಲ್ಲ ಅಂದ ಮೇಲೆ ಫೋನ್ ತೆಗೆದು ನೋಡಿದರೆ 14 ಮಿಸ್ಡ್ ಕಾಲ್, ಎಲ್ಲ ಅವರ ಅವ್ವನದು. ಅವನು ಬಿದ್ದ ವಿಡಿಯೊವನ್ನು ಪ್ರೇಕ್ಷಕನೊಬ್ಬ ಸ್ಟೇಟಸ್‌ಗೆ ಹಾಕಿದ್ದ. ಅದು ಕೈಯಿಂದ ಕೈಗೆ ದಾಟಿ ಊರಿಗೆ ಮುಟ್ಟಿತ್ತು. ವಿಡಿಯೊ ಮುಗಿಯುವುದು ಅವನು ನೆಲಕ್ಕೆ ಬಿದ್ದು ಅಲ್ಲಾಡದೇ ಇರುವಲ್ಲಿ. ನಾನು ಫೋನ್ ಮಾಡಿದಾಗ ಆ ತಾಯಿ ಮಾತಾಡಲಿಲ್ಲ. ಉಸಿರಷ್ಟೇ ಕೇಳುತ್ತಿತ್ತು. "ಅವಗೇ ಕೊಡು" ಅಂದರು ಕೊನೆಗೆ.

ಅವತ್ತಿನಿಂದ ರೇಸ್‌ಗೆ ಹೊರಡುವ ಮುಂಚೆ ಪ್ರತಿಯೊಬ್ಬರ ಮನೆಯ ಒಂದು ನಂಬರ್ ಚೀಟಿಯಲ್ಲಿ ಬರೆದು ನನ್ನ ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸುತ್ತೇನೆ. ಯಾರಾದರೂ ಬಿದ್ದರೆ ಮೊದಲು ಆ ಫೋನ್. ಮನೆಯವರಿಗೆ ಗೊತ್ತಾಗಿ, ಬಿದ್ದವನೇ ಹಾಕು ಅನ್ನುವ ತನಕ ವಿಡಿಯೊ ಇಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ಸತ್ತ ಸುದ್ದಿ ಬಂದಾಗ ನಮ್ಮ ಗುಂಪಿನಲ್ಲಿ ಮೊದಲು ಬಂದ ಪ್ರಶ್ನೆ, "ವಿಡಿಯೊ ಅದೇನು ಯಾರ ಹತ್ರಾದ್ರೂ?" ಆ ರಾತ್ರಿ ಗುಂಪನ್ನು ಅಡ್ಮಿನ್‌ಗಷ್ಟೇ ಅಂತ ಮಾಡಿ ಮಲಗಿದೆ.

ರಸ್ತೆಯ ರೀಲ್‌ಗಳ ವಿಷಯದಲ್ಲಿ ನನ್ನ ಕೈಯೂ ಶುದ್ಧವಿಲ್ಲ. ಶುರುವಿನಲ್ಲಿ ಸೇಡಂ ರಸ್ತೆಯಲ್ಲಿ ಬೆಳಗಿನ ಜಾವ ಸ್ಪೀಡೋಮೀಟರ್ ತೋರಿಸುವ ರೀಲ್ ಮಾಡಿದ್ದೆ, ಆರು ಇದ್ದವು. ಒಂದು ದಿನ ಮೀಸೆ ಮೂಡದ ಹುಡುಗನೊಬ್ಬ ಅಪ್ಪನ ಪಲ್ಸರ್ ತಂದು, "ನಿಮ್ಮ ಹಂಗೇ ರೀಲ್ ಮಾಡ್ಬೇಕು, ಸೈಲೆನ್ಸರ್ ಬದಲಿ ಮಾಡ್ರಿ" ಅಂದ. ನಾನು ಬೈಕ್ ಕೊಡದೆ ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಕಾನೂನು ಹೇಳಿದೆ: ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪ್ರಾಪ್ತ ಮಗ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೇ 25,000 ದಂಡ, ಮೂರು ವರ್ಷದವರೆಗೆ ಜೈಲು. ಅವತ್ತೇ ರಾತ್ರಿ ಆ ಆರೂ ರೀಲ್ ತೆಗೆದೆ. ಈಗ ಹಾಕುವುದು ಟ್ರ್ಯಾಕ್‌ನದು ಮಾತ್ರ, ಗೇರ್ ಹಾಕಿಕೊಳ್ಳುವುದೂ ಅದರಲ್ಲಿ ಇರುತ್ತದೆ. ವ್ಯೂಸ್ ಕಡಿಮೆ. ಆದರೆ ಟೈರ್ ಅಂಗಡಿಯವರು ನನಗೆ ವರ್ಷಕ್ಕೆ 8,000 ಕೊಡಲು ಒಪ್ಪಿದ್ದು ಇದರ ಮೇಲೆಯೇ. "ಬೈಗುಳದ ಕೆಳಗ ನಮ್ಮ ಅಂಗಡಿ ಹೆಸರು ಬರಬಾರ್ದು ನೋಡ್ರಿ" ಅಂತ ಮೊದಲೇ ಹೇಳಿದ್ದರು.

ರೇಸ್ ದಿನ ಫೋನ್ ಈಗ ನನ್ನ ಹತ್ತಿರ ಇರುವುದಿಲ್ಲ, ಗ್ಯಾರೇಜ್‌ನ ಹುಡುಗನ ಜೇಬಿನಲ್ಲಿ ಇರುತ್ತದೆ. ಊಟ ಆದ ಮೇಲೆ ಕೊಡು ಅಂತ ಹೇಳಿರುತ್ತೇನೆ. ಸಿಟ್ಟಿದ್ದರೆ ನೋಟ್ಸ್‌ನಲ್ಲಿ ಬರೆಯುತ್ತೇನೆ, ಬೆಳಿಗ್ಗೆ ಓದುತ್ತೇನೆ. ಹಾಗೆ ಬರೆದಿಟ್ಟವು ಒಂಬತ್ತು ಇವೆ. ಒಂದೂ ಹಾಕಿಲ್ಲ. ಎರಡರಲ್ಲಿ ನಾನು ಹೇಳಿದ್ದು ಸರಿಯೇ ಇತ್ತು, ಅವಕ್ಕೆ ಪ್ರೊಟೆಸ್ಟ್ ಬರೆದುಕೊಟ್ಟಿದ್ದೆ. ಒಂದರಲ್ಲಿ ಗೆದ್ದು ಫೀಸ್ ವಾಪಸ್ ಬಂತು.

ಹೋದ ವರ್ಷ ಮತ್ತೆ ಮೈಸೂರು ಕಡೆ ಹೋಗಿದ್ದೆ. ಬೈಕ್ ತಪಾಸಣೆಯ ಸಾಲಿನಲ್ಲಿ ನಿಂತಿದ್ದಾಗ ಕಿತ್ತಳೆ ಜಾಕೆಟ್‌ನವನೊಬ್ಬ ಎದುರು ಬಂದ. ಗುರುತು ಹತ್ತಿತು. ಏನು ಹೇಳಬೇಕು ತಿಳಿಯದೆ, ಅವ್ವ ಕಟ್ಟಿಕೊಟ್ಟಿದ್ದ ಕಟಿ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಅವನ ಕೈಗೆ ಇಟ್ಟೆ. ಅವನು ಡಬ್ಬಿ ನೋಡಿದ, ನನ್ನ ಎದೆ ಮೇಲಿನ ಕ್ಯಾಮೆರಾ ನೋಡಿದ.

"ಬ್ಯಾಟರಿ ಫುಲ್ ಇದ್ಯಾ ಸರ್?" ಅಂದ. "ಈ ಸಲ ಶುರುವಿಂದ ರೆಕಾರ್ಡ್ ಮಾಡಿ."