ಗಣಿತ ತರಗತಿಯ ಮೊದಲ ವಾರಗಳು: ಬೋಧನಾ ಅಭ್ಯಾಸಕ್ಕೆ ಹೊರಟವರಿಗೆ

ಬೋಧನಾ ಅಭ್ಯಾಸಕ್ಕೆ ಆರರಿಂದ ಎಂಟನೇ ತರಗತಿಯ ಗಣಿತ ಸಿಕ್ಕಿದ್ದರೆ, ಪಾಠ ಮಾಡುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಮಕ್ಕಳ ನೋಟ್‌ಬುಕ್ ಓದುವುದು. ಭಿನ್ನರಾಶಿ ಕೂಡುವುದು ನಿಮಗೆ ಬರುತ್ತದೆ. ಅದೇ ಭಿನ್ನರಾಶಿ ಹನ್ನೆರಡು ವರ್ಷದ ಮಗುವಿನ ತಲೆಯಲ್ಲಿ ಯಾವ ರೂಪದಲ್ಲಿ ಕೂತಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅದನ್ನು ತಿಳಿಯಲು ಇರುವ ದಾರಿ, ಆ ಮಗು ಮಾಡಿದ ತಪ್ಪು.

ಮೊದಲ ವಾರ: ನೋಡುವುದು, ಬರೆದುಕೊಳ್ಳುವುದು

ಹಿಂದಿನ ಬೆಂಚಿನಲ್ಲಿ ಕೂತರೆ ಬೆನ್ನುಗಳಷ್ಟೇ ಕಾಣುತ್ತವೆ. ಪಕ್ಕದ ಗೋಡೆಗೆ ಒತ್ತಿ, ಮುಂಭಾಗಕ್ಕೆ ಹತ್ತಿರ ಕುಳಿತುಕೊಳ್ಳಿ. ಮುಖಗಳೂ ಕಾಣಬೇಕು, ನಾಲ್ಕೈದು ನೋಟ್‌ಬುಕ್‌ಗಳೂ ಕಾಣಬೇಕು. ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆಯನ್ನು ಮೊದಲ ದಿನವೇ ಬರೆದು, ಮೂರು ದಿನದೊಳಗೆ ಹೆಸರು ಕಲಿಯಿರಿ. ಗಮನಿಸಿದ್ದನ್ನು ಬರೆಯಲು ಮೂರು ಅಂಕಣ ಸಾಕು: ಸಮಯ, ಶಿಕ್ಷಕರು ಕೇಳಿದ ಪ್ರಶ್ನೆ, ಮಗು ಕೊಟ್ಟ ಉತ್ತರ. ಉತ್ತರವನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಿ. ‘ಮಕ್ಕಳು ಚೆನ್ನಾಗಿ ಭಾಗವಹಿಸಿದರು’ ಎಂಬ ಸಾಲು ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ.

ನೋಟ್‌ಬುಕ್ ಹೇಗೆ ಒಟ್ಟುಮಾಡುತ್ತಾರೆ, ತಡವಾಗಿ ಬಂದವರು ಏನು ಮಾಡಬೇಕು, ತರಗತಿ ಸುಮ್ಮನಾಗಲು ಶಿಕ್ಷಕರು ಕೊಡುವ ಸನ್ನೆ ಯಾವುದು, ಇವನ್ನೂ ಗುರುತುಮಾಡಿಕೊಂಡು ನೀವೂ ಅವನ್ನೇ ಬಳಸಿ. ಒಂದೇ ಕೋಣೆಯಲ್ಲಿ ಇಬ್ಬರು ದೊಡ್ಡವರ ಎರಡು ನಿಯಮಗಳಿದ್ದರೆ ಮಕ್ಕಳು ಎರಡನ್ನೂ ಬಿಡುತ್ತಾರೆ.

ತಪ್ಪಿನ ಹಿಂದಿನ ಲೆಕ್ಕ

ದಿನಕ್ಕೆ ಹತ್ತು ನೋಟ್‌ಬುಕ್ ಸಾಕು. ಅಂಕ ಕೊಡಬೇಡಿ, ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿ. ಕೆಲವು ಬಗೆಗಳು ಎಲ್ಲ ತರಗತಿಯಲ್ಲೂ ಸಿಗುತ್ತವೆ.

0.45 ಮತ್ತು 0.6, ಯಾವುದು ದೊಡ್ಡದು? 0.45 ಎನ್ನುವ ಮಗು 45 ಮತ್ತು 6ನ್ನು ಹೋಲಿಸುತ್ತಿದೆ. ‘ಪಾಯಿಂಟ್ ನಲವತ್ತೈದು’ ಎಂದು ಓದುವ ರೂಢಿಯೇ ಈ ತಪ್ಪಿಗೆ ನೀರೆರೆಯುತ್ತದೆ; ‘ಪಾಯಿಂಟ್ ನಾಲ್ಕು ಐದು’ ಎಂದೇ ಓದಿ, ಓದಿಸಿ. ಆದರೆ ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ಹತ್ತನೇ ಭಾಗ ನೂರನೇ ಭಾಗಕ್ಕಿಂತ ದೊಡ್ಡದು ಎಂದು ಕೇಳಿಸಿಕೊಂಡು, ‘ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು’ ಎಂದುಕೊಂಡಿರುವ ಮಕ್ಕಳೂ ಇರುತ್ತಾರೆ. ಅವರು 0.6 ಎಂದು ಸರಿಯಾಗಿಯೇ ಹೇಳುತ್ತಾರೆ, ಕಾರಣ ಮಾತ್ರ ತಪ್ಪು. ಅವರನ್ನು ಗುರುತಿಸಲು 0.73 ಮತ್ತು 0.6 ಕೊಡಿ: ಈ ಸಲ ಇವರು ತಪ್ಪುತ್ತಾರೆ, ಮೊದಲಿನವರು ಸರಿಯಾಗುತ್ತಾರೆ. ಎರಡೂ ಪ್ರಶ್ನೆ ಜೊತೆಗಿದ್ದರೆ ಮಾತ್ರ ಇಬ್ಬರೂ ಕಾಣಿಸುತ್ತಾರೆ.

ಅರ್ಧಕ್ಕೆ ಕಾಲು ಸೇರಿಸಿದರೆ ಮುಕ್ಕಾಲು ಎಂದು ಬಾಯಲ್ಲಿ ಥಟ್ಟನೆ ಹೇಳುವ ಮಗುವೇ ನೋಟ್‌ಬುಕ್ಕಿನಲ್ಲಿ 1/2 + 1/4 = 2/6 ಎಂದು ಬರೆಯುತ್ತದೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದೆ. ಇಲ್ಲಿ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ವಿಧಾನವನ್ನು ಮತ್ತೆ ಹೇಳಿಕೊಡಲು ಆತುರಪಡಬೇಡಿ. ‘2/6 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಎಂದಷ್ಟೇ ಕೇಳಿ, ಕಾಯಿರಿ. ಆರರಲ್ಲಿ ಮೂರು ಅರ್ಧ, ಎರಡು ಅದಕ್ಕಿಂತ ಕಡಿಮೆ; ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಚಿಕ್ಕದಾದದ್ದು ಹೇಗೆ? ತನಗೆ ಆಗಲೇ ಗೊತ್ತಿದ್ದ ಮುಕ್ಕಾಲನ್ನು ಕಾಗದದ ಮೇಲಿನ ಗುರುತುಗಳಿಗೆ ಮಗು ಜೋಡಿಸಿಕೊಳ್ಳುವುದು ಆ ಕ್ಷಣದಲ್ಲಿ.

8 + 4 = □ + 5 ಎಂಬುದಕ್ಕೆ 12 ಅಥವಾ 17 ಬರೆಯುವವರು ಎಂಟನೇ ತರಗತಿಯಲ್ಲೂ ಸಿಗಬಹುದು. ವರ್ಷಗಟ್ಟಲೆ ‘=’ ಎಂದರೆ ‘ಉತ್ತರ ಇಲ್ಲಿ ಬರೆ’ ಎಂದೇ ಅವರು ಕಂಡಿದ್ದಾರೆ. ಬಿಟ್ಟರೆ, ಎರಡೂ ಬದಿಯಲ್ಲಿ ಚರಾಕ್ಷರವಿರುವ ಸಮೀಕರಣ ಬಂದಾಗ ಅವರಿಗೆ ಹಿಡಿಯಲು ಏನೂ ಇರುವುದಿಲ್ಲ. ಬೋರ್ಡಿನ ಮೇಲೆ 9 = 4 + 5, 6 = 6 ಎಂದೂ ಬರೆಯುತ್ತಿರಿ. 5 + 3 = 8 × 2 = 16 ಎಂದು ಸರಪಳಿಯಾಗಿ ಬರೆಯುವ ಅಭ್ಯಾಸ ನಿಮಗೇ ಇದ್ದರೆ ಇಂದೇ ಬಿಡಿ.

−3 − 5ಕ್ಕೆ +8 ಬರೆದ ಮಗುವಿನ ಬಾಯಲ್ಲಿ ‘ಮೈನಸ್ ಮೈನಸ್ ಪ್ಲಸ್’ ಎಂಬ ಮಂತ್ರವಿರುತ್ತದೆ. ಅದು ಗುಣಾಕಾರದ ನಿಯಮ. ಯಾವ ಕ್ರಿಯೆಗೆ ಎಂದು ಹೇಳದೆ ನಿಯಮ ಕಲಿಸಿದ್ದರ ಫಲ ಇದು. ಸಂಖ್ಯಾರೇಖೆಯಲ್ಲಿ −3ರಿಂದ ಎಡಕ್ಕೆ 5 ಹೆಜ್ಜೆ ಇಡಿಸಿ.

ಸರಿ ಉತ್ತರ ಬರೆದವರನ್ನೂ ‘ಹೇಗೆ ಬಂತು?’ ಎಂದು ಕೇಳುತ್ತಿರಬೇಕು. ತಪ್ಪಿದವರನ್ನಷ್ಟೇ ಕೇಳಿದರೆ, ಆ ಪ್ರಶ್ನೆ ಕೇಳಿದ ಕೂಡಲೇ ಮಗು ರಬ್ಬರ್ ಹುಡುಕುತ್ತದೆ.

ಎರಡನೇ ವಾರ: ಹತ್ತು ನಿಮಿಷ

ಪೂರ್ತಿ ಪೀರಿಯಡ್ ಕೇಳಬೇಡಿ. ಆರಂಭದ ಹತ್ತು ನಿಮಿಷದ ಪುನರಾವರ್ತನೆಯನ್ನು ದಿನವೂ ನೀವೇ ನಡೆಸಿ. ಉದಾಹರಣೆಯ ಅಂಕಿಗಳನ್ನು ಹಿಂದಿನ ರಾತ್ರಿಯೇ ಆರಿಸಿ. ನಿಂತಲ್ಲೇ ಹೊಳೆದ ಅಂಕಿ ಆಗಾಗ ಕೈಕೊಡುತ್ತದೆ. ಬದಿ 4 ಇರುವ ಚೌಕದ ಸುತ್ತಳತೆ ಸೂಚಿಸುವ ಅಂಕಿ 16, ವಿಸ್ತೀರ್ಣದ್ದೂ 16. 3 ಮತ್ತು 6 ಬದಿಯ ಆಯತದಲ್ಲಿ ಎರಡೂ 18. 2ರ ವರ್ಗ ಕೇಳಿದರೆ, ಘಾತವೆಂದರೆ ಸಂಖ್ಯೆಯನ್ನು ಘಾತಾಂಕದಿಂದ ಗುಣಿಸುವುದೆಂದು 2 × 2 ಮಾಡಿದವರೂ 4 ಎನ್ನುತ್ತಾರೆ. 5ರ ಘನ ಕೇಳಿ: ತಿಳಿದವರು 125 ಎನ್ನುತ್ತಾರೆ, ತಿಳಿಯದವರು 15.

ಪ್ರಶ್ನೆ ಮೊದಲು, ಮೌನ ಆಮೇಲೆ, ಹೆಸರು ಕೊನೆಗೆ. ಹೆಸರು ಮೊದಲೇ ಕರೆದರೆ ಉಳಿದವರೆಲ್ಲ ಯೋಚನೆ ನಿಲ್ಲಿಸುತ್ತಾರೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ, 3 ಸೆಕೆಂಡ್ ಅಥವಾ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು 1970ರ ದಶಕದಲ್ಲೇ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿಕೊಟ್ಟರು. ಹೊಸಬರಿಗೆ ಮೂರು ಸೆಕೆಂಡ್ ಬಹಳ ಉದ್ದ ಅನ್ನಿಸುತ್ತದೆ, ಮನಸ್ಸಿನಲ್ಲೇ ಎಣಿಸಿ.

ಮೂರನೇ ವಾರದಿಂದ: ಪೂರ್ತಿ ಪೀರಿಯಡ್

40 ನಿಮಿಷದ ಪಾಠಕ್ಕೆ ಒಂದು ಹಂಚಿಕೆ: ಪುನರಾವರ್ತನೆ 5, ಹೊಸ ವಿಷಯ 12, ಮಕ್ಕಳೇ ಮಾಡುವ ಲೆಕ್ಕ 14, ಚರ್ಚೆ 6, ಕೊನೆಯ ಚೀಟಿ (ಪ್ರತಿ ಮಗುವೂ ಉತ್ತರ ಬರೆದು ಕೊಡುವ ಚೀಟಿ) 3. ಕೆಡುವುದು ಹೆಚ್ಚಾಗಿ ಎರಡನೆಯದರಲ್ಲಿ. ವಿವರಣೆ 25 ನಿಮಿಷಕ್ಕೆ ಹಿಗ್ಗುತ್ತದೆ, ಚೀಟಿ ಬಿಟ್ಟುಹೋಗುತ್ತದೆ, ಯಾರಿಗೆ ಏನು ತಿಳಿಯಿತೆಂಬುದು ಗೊತ್ತಾಗದೆಯೇ ಗಂಟೆ ಹೊಡೆಯುತ್ತದೆ. ಕೊಡುವ ಪ್ರತಿ ಲೆಕ್ಕವನ್ನೂ ಮೊದಲು ನೀವು ಮಾಡಿ, ನಿಮಗೆ ಹಿಡಿದ ಸಮಯದ ಮೂರು ಪಟ್ಟು ಮಕ್ಕಳಿಗೆ ಇಡಿ. ಬೇಗ ಮುಗಿಸಿದವರಿಗೆ ಅದೇ ವಿಷಯದ ಒಂದು ಕಠಿಣ ಪ್ರಶ್ನೆ ಬೋರ್ಡಿನ ಮೂಲೆಯಲ್ಲಿರಲಿ. ಗಲಾಟೆ ಬಹುಪಾಲು ಹುಟ್ಟುವುದು ಕೈ ಖಾಲಿ ಇದ್ದಾಗ.

ಮಕ್ಕಳು ಲೆಕ್ಕ ಮಾಡುವಾಗ ಮೊದಲ ಎರಡು ನಿಮಿಷ ಎಲ್ಲೂ ನಿಲ್ಲದೆ ಇಡೀ ಕೋಣೆ ಸುತ್ತಿ. ಮೊದಲ ಬೆಂಚಿನಲ್ಲೇ ಸಿಕ್ಕಿಕೊಂಡರೆ, ಅರ್ಧ ತರಗತಿ ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡಿದ್ದು ಕಣ್ಣಿಗೆ ಬೀಳುವುದಿಲ್ಲ. ಎರಡನೇ ಸುತ್ತಿನಲ್ಲಿ ಸಹಾಯ ಮಾಡಿ, ಆದರೆ ಮಗುವಿನ ಕೈಯಿಂದ ಪೆನ್ಸಿಲ್ ತೆಗೆದುಕೊಳ್ಳಬೇಡಿ. ನೀವು ಬರೆದರೆ ಲೆಕ್ಕ ನಿಮ್ಮದಾಗುತ್ತದೆ.

ಕೊನೆಯ ಚೀಟಿಯಲ್ಲಿ ಒಂದೇ ಪ್ರಶ್ನೆ. ಸಂಜೆ ಮೂರು ಗುಂಪು ಮಾಡಿ: ಸರಿ; ವಿಧಾನ ಸರಿ, ಆದರೆ ಕೈತಪ್ಪು; ಕಲ್ಪನೆಯೇ ತಪ್ಪು. ಮೂರನೇ ಗುಂಪು ತರಗತಿಯ ಮೂರರಲ್ಲಿ ಒಂದು ಭಾಗ ದಾಟಿದ್ದರೆ ಮರುದಿನ ಮುಂದಿನ ಪಾಠಕ್ಕೆ ಹೋಗಬೇಡಿ. ಆ ಗುಂಪಿನ ಒಂದು ಉತ್ತರವನ್ನು ಹೆಸರಿಲ್ಲದೆ ಬೋರ್ಡಿನಲ್ಲಿ ಬರೆದು, ‘ಇದನ್ನು ಬರೆದವರು ಹೇಗೆ ಯೋಚಿಸಿರಬಹುದು?’ ಎಂದು ಶುರುಮಾಡಿ.

ಮಾರ್ಗದರ್ಶಕ ಶಿಕ್ಷಕರಿಗೆ ಪಾಠ ಯೋಜನೆಯನ್ನು ಎರಡು ದಿನ ಮೊದಲೇ ತೋರಿಸಿ. ಹಿಂದಿನ ಸಂಜೆ ಕೊಟ್ಟರೆ ತಿದ್ದಲು ವ್ಯವಧಾನವಿರುವುದಿಲ್ಲ. ‘ಪಾಠ ಹೇಗಿತ್ತು ಸರ್?’ ಎಂದರೆ ‘ಚೆನ್ನಾಗಿತ್ತು’ ಎಂಬ ಉತ್ತರವಷ್ಟೇ ಸಿಗುತ್ತದೆ. ಅದರ ಬದಲು ತರಗತಿಯ ನಕ್ಷೆಯ ಒಂದು ಪ್ರತಿ ಕೈಗೆ ಕೊಟ್ಟು, ನಾನು ಯಾರನ್ನು ಪ್ರಶ್ನೆ ಕೇಳುತ್ತೇನೋ ಆ ಜಾಗಕ್ಕೆ ಒಂದು ಗೆರೆ ಹಾಕಿ ಎಂದು ವಿನಂತಿಸಿ. ಗೆರೆಗಳು ಮುಂದಿನ ಎರಡು ಸಾಲಿನಲ್ಲೇ ಗುಂಪುಗೂಡಿದ್ದರೆ, ನಾಳೆಯ ಯೋಜನೆಯ ಅಂಚಿನಲ್ಲಿ ಗೆರೆಯೇ ಬೀಳದ ಐದು ಮಕ್ಕಳ ಹೆಸರು ಬರೆದಿಡಿ.